ಗಾಜಿನ ಮೇಲಿನ ಬಿಳಿ ಗೆರೆಗೆ ಡಿಐ ಫಿಲ್ಟರ್: ಆರು ತಿಂಗಳು ಬಳಸಿದ ಮೇಲೆ

ಹಾಸನದಲ್ಲಿ ಬೋರ್ ನೀರಲ್ಲಿ ಕಿಟಕಿ ತೊಳೆಯುವವರಿಗೆ ಈ ಕಾಟ ಗೊತ್ತಿರುತ್ತದೆ. ತೊಳೆಯುವಾಗ ಗಾಜು ಫಳಫಳ ಹೊಳೆಯುತ್ತದೆ, ಒಣಗಿದ ಮೇಲೆ ನೋಡಿದರೆ ಬಿಳಿ ಚುಕ್ಕೆ, ಉದ್ದುದ್ದ ಗೆರೆ. ನಮ್ಮ ಮನೆಯ ಮೆಟ್ಟಿಲ ಪಕ್ಕ ದೊಡ್ಡ ಗಾಜಿದೆ. ಬಟ್ಟೆ ಬದಲಾಯಿಸಿದೆ, ಸೋಪು ಬದಲಾಯಿಸಿದೆ, ಹಳೇ ಪೇಪರಲ್ಲಿ ಉಜ್ಜಿದೆ. ತೊಂದರೆ ಇದ್ದದ್ದು ನೀರಲ್ಲಿ. ನೀರು ಆರಿ ಹೋಗುತ್ತದೆ, ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಉಪ್ಪು ಗಾಜಿನ ಮೇಲೇ ಉಳಿಯುತ್ತದೆ. ಪಾತ್ರೆ ತಳದಲ್ಲಿ ಬೆಳ್ಳಗೆ ಕಟ್ಟುತ್ತದಲ್ಲ, ಅದೇ ಇದು.

ಹಾಗಾಗಿ ನೀರಲ್ಲಿ ಕರಗಿದ ಉಪ್ಪು ಎಷ್ಟಿದೆ ಅಂತ ಅಳೆಯುವ ಒಂದು ಟಿಡಿಎಸ್ ಮೀಟರ್, ಜೊತೆಗೆ ಆ ಉಪ್ಪನ್ನು ತೆಗೆಯುವ, ಒಂದು ಲೀಟರ್ ರೆಸಿನ್ ಹಿಡಿಯುವ ಡಿಐ ಫಿಲ್ಟರ್ ತರಿಸಿದೆ. ರೆಸಿನ್ ಅಂದರೆ ಸಾಸಿವೆಗಿಂತ ಸಣ್ಣ ಎರಡು ಬಗೆಯ ಮಣಿಗಳು. ಒಂದು ಬಗೆಯದು ಕ್ಯಾಲ್ಸಿಯಂ, ಸೋಡಿಯಂ ಹಿಡಿದುಕೊಂಡು ಹೈಡ್ರೋಜನ್ ಬಿಡುತ್ತದೆ, ಇನ್ನೊಂದು ಕ್ಲೋರೈಡ್, ಸಲ್ಫೇಟ್ ಹಿಡಿದು ಹೈಡ್ರಾಕ್ಸಿಲ್ ಬಿಡುತ್ತದೆ, ಬಿಟ್ಟವೆರಡೂ ಸೇರಿ ನೀರೇ ಆಗುತ್ತದೆ. ಮೊದಲ ಬಕೆಟ್‌ಗೆ ಮೀಟರ್ ಸೊನ್ನೆ ತೋರಿಸಿತು. ಆ ನೀರು ಹಾಕಿದ ಗಾಜನ್ನು ಒರೆಸಲೇ ಇಲ್ಲ, ತಾನೇ ಒಣಗಿತು, ಒಂದು ಚುಕ್ಕೆ ಇಲ್ಲ. ನಿಜಕ್ಕೂ ಖುಷಿಯಾಯಿತು.

ಆದರೆ ಮೂರನೇ ಬಕೆಟ್‌ಗೇ ಮೀಟರ್ ಏರತೊಡಗಿತು, ನೀರಿಂದ ಮೀನಿನ ವಾಸನೆ ಬಂತು. ರೆಸಿನ್ ಮುಗಿದಾಗ, ಅಂದರೆ ಮಣಿಗಳಿಗೆ ಇನ್ನು ಉಪ್ಪು ಹಿಡಿಯಲಾಗದಾಗ, ಹಾಗೆ ವಾಸನೆ ಬರುತ್ತದೆ. ಮಾರಿದವರು ಸಾವಿರ ಲೀಟರ್ ಬರುತ್ತದೆ ಅಂದಿದ್ದರು, ನಿಮ್ಮ ನೀರಿನ ಟಿಡಿಎಸ್ ಎಷ್ಟು ಅಂತ ಕೇಳಲೇ ಇಲ್ಲ. ಇದು ತಪ್ಪು. ನಮ್ಮ ಬೋರ್ ನೀರಿನ ಟಿಡಿಎಸ್ 640 (ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ). ನೀರಲ್ಲಿ ಉಪ್ಪು ಜಾಸ್ತಿ ಇದ್ದಷ್ಟೂ ರೆಸಿನ್ ಬೇಗ ಮುಗಿಯುತ್ತದೆ, ಅಷ್ಟೇ ಲೆಕ್ಕ.

ಎರಡನೇ ಸಲ ರೆಸಿನ್ ತುಂಬಿಸಿ, ನೀರು ಅದಕ್ಕೆ ಹೋಗುವ ಮುಂಚೆ ಆರ್‌ಒ (ಕುಡಿಯುವ ನೀರಿನ ಶುದ್ಧೀಕರಣ ಯಂತ್ರ) ದಾಟುವಂತೆ ಇಟ್ಟೆ. ಇಲ್ಲೊಂದು ವಿಷಯ ಗಮನಿಸಿ. ಅಡುಗೆಮನೆಯ ಎಷ್ಟೋ ಆರ್‌ಒಗಳಲ್ಲಿ ಟಿಡಿಎಸ್ ಕಂಟ್ರೋಲರ್ ಇರುತ್ತದೆ, ರುಚಿಗೆ ಅಂತ ಸ್ವಲ್ಪ ಶುದ್ಧ ಮಾಡದ ನೀರನ್ನು ಮತ್ತೆ ಬೆರೆಸುತ್ತದೆ. ನಮ್ಮದರಲ್ಲಿ 90 ಬರುತ್ತಿತ್ತು. ಉಪ್ಪು ತಡೆಯುವ ಮೆಂಬ್ರೇನ್ ದಾಟಿದ ಜಾಗದಿಂದಲೇ, ಆ ಬೆರಕೆಗೆ ಮುಂಚೆಯೇ, ನೀರು ಬರುವಂತೆ ಪೈಪ್ ಎಳೆಸಿದೆ, 32ಕ್ಕೆ ಇಳಿಯಿತು. ಅಂದರೆ 640ರ ಬೋರ್ ನೀರಿಗೆ ಹೋಲಿಸಿದರೆ ರೆಸಿನ್ ಮೇಲಿನ ಹೊರೆ ಇಪ್ಪತ್ತರಲ್ಲಿ ಒಂದು ಭಾಗ. ನಾಲ್ಕು ತಿಂಗಳಾಯಿತು, ಇನ್ನೂ ಸೊನ್ನೆಯೇ ಬರುತ್ತಿದೆ. ಆರ್‌ಒ ನಿಧಾನ, ರಾತ್ರಿಯೇ ಇಪ್ಪತ್ತು ಲೀಟರ್ ಕ್ಯಾನಿಗೆ ಹಿಡಿದಿಡಬೇಕು.

ಸಾಫ್ಟ್‌ನರ್ ಸಾಕಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಸಾಲದು. ಅದು ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ, ಟಿಡಿಎಸ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಕಲೆಯೂ ಬೀಳುತ್ತದೆ.

ಎಲ್ಲಾ ತೊಳೆಯೋಕೂ ಈ ನೀರು ಬೇಡ. ಧೂಳು, ಜೇಡರಬಲೆಯನ್ನು ಮಾಮೂಲಿ ನೀರಲ್ಲೇ ತೊಳೆಯಿರಿ, ಚೌಕಟ್ಟಿನ ಮೂಲೆಯನ್ನೂ ಬಿಡಬೇಡಿ, ಇಲ್ಲದಿದ್ದರೆ ಆಮೇಲೆ ಅಲ್ಲಿಂದ ಕೊಳೆ ಇಳಿಯುತ್ತದೆ. ಕೊನೆಗೊಮ್ಮೆ ಮೇಲಿನಿಂದ ಶುದ್ಧ ನೀರು ಇಳಿಬಿಟ್ಟು ಹಾಗೇ ಬಿಡಿ. ಮೀಟರ್ 10ರ ಒಳಗಿದ್ದರೆ ನನಗೆ ಕಲೆ ಕಂಡಿಲ್ಲ.

ಹೇಮಾವತಿ ನಲ್ಲಿ ನೀರು ಮಾತ್ರ ಬರುವ ಮನೆಯಾದರೆ ಮೊದಲು ಮೀಟರ್ ಒಂದೇ ತಗೊಳ್ಳಿ. ಅಕ್ಕನ ಮನೆಯಲ್ಲಿ ಅದು 110 ತೋರಿಸಿತು. ಅವರು ಆರ್‌ಒ ಇಲ್ಲದೆ ನೇರ ರೆಸಿನ್‌ಗೇ ಬಿಟ್ಟಿದ್ದಾರೆ, ಹತ್ತು ಬಕೆಟ್ ದಾಟಿದರೂ ಸೊನ್ನೆ.