ಎಫ್‌ಎಂಜಿಇ ಓದು: ತೀರ್ಥಹಳ್ಳಿಯ ಮನೆಯೋ, ಶಿವಮೊಗ್ಗದ ಕೋಣೆಯೋ?

ವಿದೇಶದಲ್ಲಿ ಎಂಬಿಬಿಎಸ್ ಮುಗಿಸಿ ಊರಿಗೆ ಬಂದವರು ದಾಟಬೇಕಾದ ಹೊಳೆ ಎಫ್‌ಎಂಜಿಇ ಎಂಬ ಅರ್ಹತಾ ಪರೀಕ್ಷೆ. 300 ಪ್ರಶ್ನೆ, 150 ಅಂಕ ಬಂದರೆ ಪಾಸು. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಒಂದನ್ನೂ ಖಾಲಿ ಬಿಡಬೇಡಿ.

ತೀರ್ಥಹಳ್ಳಿ ಕಡೆಯ ಮನೆಯಲ್ಲೇ ಓದಿದರೆ ಬಾಡಿಗೆಯಿಲ್ಲ, ಊಟದ ಚಿಂತೆಯಿಲ್ಲ. ಮಳೆಗಾಲದಲ್ಲಿ ಕರೆಂಟು ಕೈಕೊಡುವುದರಿಂದ ವಿಡಿಯೋ ಪಾಠಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಬೇಕು, ಅಷ್ಟೇ. ನಿಜವಾದ ತೊಡಕು ಬೇರೆ: ಪಾಠ ನೋಡುತ್ತಾ ಕುಳಿತರೆ ಎಲ್ಲವೂ ತಿಳಿದಂತೆ ಅನ್ನಿಸುತ್ತದೆ.

ಶಿವಮೊಗ್ಗದಲ್ಲಿ ಕೋಣೆ ಹಿಡಿದರೆ ಖರ್ಚಿದೆ, ಆದರೆ ಜೊತೆಗೆ ಓದುವವರು ಸಿಗುತ್ತಾರೆ; ಅವರು ಪ್ರಶ್ನೆ ಕೇಳಿದಾಗಲೇ ತಿಳಿದಂತೆ ಅನ್ನಿಸಿದ್ದರ ನಿಜಸ್ಥಿತಿ ಗೊತ್ತಾಗುವುದು. ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿ ಪತ್ತೆಯಾದ, ‘ಕ್ಯಾಸನೂರು ಫಾರೆಸ್ಟ್ ಡಿಸೀಸ್’ ಎಂದು ನಮ್ಮದೇ ನೆಲದ ಹೆಸರು ಹೊತ್ತ ರೋಗ. ಉಣುಗಿನಿಂದ ಬರುತ್ತದೆಂದು ಮಲೆನಾಡಿನಲ್ಲಿ ಯಾರಿಗೆ ಗೊತ್ತಿಲ್ಲ? ಆದರೂ ಗೆಳೆಯನೊಬ್ಬ ಎದುರು ಕುಳಿತು ‘ಯಾವ ಉಣುಗು? ಯಾವ ಗುಂಪಿನ ವೈರಸ್?’ ಎಂದು ಕೇಳಿದಾಗ ನಾಲಿಗೆ ತಡವರಿಸುತ್ತದೆ. ಹೀಮಾಫೈಸಾಲಿಸ್ ಸ್ಪಿನಿಜೆರಾ, ಫ್ಲಾವಿವೈರಸ್ ಎಂದು ಒಮ್ಮೆ ತಡವರಿಸಿ ಹೇಳಿದ್ದು ಮತ್ತೆ ಮರೆಯುವುದಿಲ್ಲ.

ಆರು ತಿಂಗಳು ಕೈಯಲ್ಲಿದ್ದರೆ ಮೊದಲ ನಾಲ್ಕು ಮನೆಯಲ್ಲಿ, ಕೊನೆಯ ಎರಡು ಶಿವಮೊಗ್ಗದಲ್ಲಿ ಕಳೆಯಿರಿ ಎನ್ನುತ್ತೇನೆ. ಒಂದೇ ಕಡೆ ಸಾಧ್ಯವೆನ್ನುವವರು ಮನೆಯಲ್ಲೇ ಇರಿ, ಆದರೆ ದಿನವೂ ಸಂಜೆ ಯಾರಾದರೊಬ್ಬರಿಗೆ ಫೋನ್ ಮಾಡಿ ಐವತ್ತು ಪ್ರಶ್ನೆ ಕೇಳಿಸಿಕೊಳ್ಳಿ.