ಕ್ಯಾಮೆರಾ ಕಲಿಯಲು ಯಾವುದು: ಪುಸ್ತಕವೋ, ಪಿಡಿಎಫ್ಫೋ, ವಿಡಿಯೊವೋ?

ಸೆಕೆಂಡ್‌ಹ್ಯಾಂಡ್ ನಿಕಾನ್ ಡಿ3500 ಕೊಂಡಿದ್ದೀರಿ, ಡಬ್ಬಿಯಲ್ಲಿ ಪುಸ್ತಕ ಇಲ್ಲ. ಈಗ ಅಚ್ಚಾದ ಮ್ಯಾನುಯಲ್ ಬೇಕಾ, ಪಿಡಿಎಫ್ ಸಾಕಾ, ಯೂಟ್ಯೂಬ್ ನೋಡಿದರೆ ಆಗುತ್ತಾ?

ಖರ್ಚಿನ ಮಾತು ಬೇಗ ಮುಗಿಯುತ್ತದೆ. ಪಿಡಿಎಫ್ ಕಂಪನಿಯ ಸೈಟಿನಲ್ಲೇ ಪುಕ್ಕಟೆ. ವಿಡಿಯೊಗೆ ಡೇಟಾ ಹೋಗುತ್ತದೆ. ಪುಸ್ತಕವೇ ಬೇಕೆಂದರೆ ಪ್ರಿಂಟ್ ಹಾಕಿಸಿ ಸ್ಪೈರಲ್ ಮಾಡಿಸಬೇಕು.

ಹುಡುಕುವ ವಿಷಯದಲ್ಲಿ ಮಾತ್ರ ಪಿಡಿಎಫ್ ತುಂಬಾ ಮುಂದೆ. ಅಪರ್ಚರ್ ರಿಂಗ್ (ಬೆಳಕು ಬರುವ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಬಳೆ) ಇರುವ ಹಳೆಯ ಲೆನ್ಸ್ ಹಾಕಿದಿರಿ, ಕ್ಯಾಮೆರಾದಲ್ಲಿ ‘ಎಫ್‌ಇಇ’ ಎಂದು ಮಿನುಗಲು ಶುರುವಾಯಿತು ಅನ್ನಿ. ಆ ಮೂರಕ್ಷರ ಟೈಪ್ ಮಾಡಿದರೆ ಉತ್ತರ ಸಿಗುತ್ತದೆ: ಅಪರ್ಚರ್ ರಿಂಗನ್ನು ಅತಿ ದೊಡ್ಡ ಅಂಕಿಗೆ ತಿರುಗಿಸಿ. ಇಷ್ಟಕ್ಕೆ ಹತ್ತು ನಿಮಿಷದ ವಿಡಿಯೊ ನೋಡಬೇಕಾ? ಅದರಲ್ಲಿ ಮೊದಲ ಎರಡು ನಿಮಿಷ ‘ಸಬ್‌ಸ್ಕ್ರೈಬ್ ಮಾಡಿ’!

ಆದರೆ ಕೈಚಳಕದ ಕೆಲಸಕ್ಕೆ ವಿಡಿಯೊನೇ ಸರಿ. ಸೆನ್ಸರ್ (ಒಳಗೆ ಚಿತ್ರ ಮೂಡುವ ಚಿಪ್) ಮೇಲಿನ ಧೂಳು ತೆಗೆಯುವುದನ್ನು ಓದಿ ಕಲಿಯೋದು ಕಷ್ಟ, ಅಲ್ವಾ? ವಿಡಿಯೊ ನಿಮ್ಮದೇ ಮಾಡೆಲ್‌ನದ್ದಾ ಅಂತ ಮಾತ್ರ ನೋಡಿಕೊಳ್ಳಿ. ಮಾಡೆಲ್ ಬದಲಾದರೆ ಮೆನುನೂ ಬದಲಾಗಬಹುದು.

ಕಬಿನಿ ಕಡೆ ಸಫಾರಿಗೆ ಹೊರಟಿದ್ದರೆ ಪಿಡಿಎಫ್ಫನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಫೋನಿನ ಸಣ್ಣ ಅಕ್ಷರ ಕಣ್ಣಿಗೆ ಹಿಂಸೆ ಅನಿಸುವವರಿಗೆ, ಪೆನ್ಸಿಲ್ ಹಿಡಿದು ಓದುವವರಿಗೆ ಕಾಗದವೇ ವಾಸಿ. ನಾನಂತೂ ಬೇಕಾದ ಇಪ್ಪತ್ತು ಪುಟ ಮಾತ್ರ ಪ್ರಿಂಟ್ ಹಾಕಿಸಿ ಬ್ಯಾಗಿನಲ್ಲಿ ಇಟ್ಟಿದ್ದೇನೆ.

ಅಂದ ಹಾಗೆ, ಡಿ3500ರ ಮೋಡ್ ಡಯಲ್ (ಮೇಲಿರುವ ತಿರುಗಿಸುವ ಚಕ್ರ) ಮೇಲೆ ‘ಗೈಡ್’ ಅಂತ ಒಂದು ಜಾಗ ಇದೆ, ಅಲ್ಲಿಗೆ ತಿರುಗಿಸಿದರೆ ಕ್ಯಾಮೆರಾವೇ ಹಂತ ಹಂತವಾಗಿ ಹೇಳಿಕೊಡುತ್ತದೆ. ಮೊದಲ ವಾರ ಸುಮ್ನೆ ಅದರಲ್ಲೇ ಆಡಿ ನೋಡಿ.