ಮೊಣಕೈ ಬರ್ಸಾ ಶಸ್ತ್ರಚಿಕಿತ್ಸೆ: ನಮ್ಮೂರಿನ ಖಾಸಗಿ ಆಸ್ಪತ್ರೆಯೊಂದರ ಮೂಳೆ ವಿಭಾಗದ ಸೇವೆ

ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಎಡ ಮೊಣಕೈಯೂರಿ ದಿನವಿಡೀ ಲೆಕ್ಕ ಬರೆಯುವ ನಮ್ಮ ತಂದೆಯವರಿಗೆ ಮೊಣಕೈ ತುದಿಯಲ್ಲಿ ನಿಂಬೆಹಣ್ಣಿನ ಗಾತ್ರದ ಊತ ಪದೇ ಪದೇ ಕಾಣಿಸಿಕೊಂಡು, ಕೊನೆಗೆ ಅಲ್ಲಿ ಊದಿಕೊಂಡಿದ್ದ ಬರ್ಸಾ ಎಂಬ ಚೀಲವನ್ನೇ ತೆಗೆಸಬೇಕಾಯಿತು. ಈ ವಿಭಾಗದ ಬಗ್ಗೆ ನನ್ನಲ್ಲಿ ಗೌರವ ಮೂಡಿದ್ದು, ಅಲ್ಲಿನ ವೈದ್ಯರು ಶಸ್ತ್ರಚಿಕಿತ್ಸೆಗೆ ಆತುರಪಡದಿದ್ದ ಕಾರಣಕ್ಕೆ. ಚರ್ಮಕ್ಕೂ ಮೂಳೆಗೂ ನಡುವೆ ಉಜ್ಜಾಟ ತಪ್ಪಿಸಲೆಂದು ಇರುವ ಈ ತೆಳುಚೀಲದ ಊತ ಹೆಚ್ಚಿನವರಲ್ಲಿ ವಿಶ್ರಾಂತಿ, ಬಿಗಿಪಟ್ಟಿ ಹಾಗೂ ಮಾತ್ರೆಗಳಿಂದಲೇ ಇಳಿಯುತ್ತದೆಂದು ಮೊದಲ ಭೇಟಿಯಲ್ಲೇ ತಿಳಿಸಿದರು. ಸೂಜಿಯಿಂದ ಹೀರಿ ತೆಗೆದ ದ್ರವವನ್ನು ಚೆಲ್ಲದೆ ಲ್ಯಾಬಿಗೆ ಕಳುಹಿಸಿ, ಅದರಲ್ಲಿ ಸೋಂಕಿದೆಯೇ, ಗೌಟ್ ಕಾಯಿಲೆಯ ಯೂರಿಕ್ ಆಮ್ಲದ ಹರಳುಗಳಿವೆಯೇ ಎಂದು ಪರೀಕ್ಷಿಸಿದರು. ಸೋಂಕಾದರೆ ಆ್ಯಂಟಿಬಯೋಟಿಕ್ ಬೇಕು, ಗೌಟ್ ಆದರೆ ಔಷಧವೇ ಬೇರೆ, ಸೋಂಕಿರುವ ಚೀಲಕ್ಕೆ ಊತ ಇಳಿಸುವ ಸ್ಟಿರಾಯ್ಡ್ ಔಷಧ ಚುಚ್ಚಿದರಂತೂ ಅಪಾಯ. ಎರಡೂ ಇಲ್ಲವೆಂದು ಖಚಿತವಾದ ಬಳಿಕವೂ ನೀರು ತುಂಬಿಕೊಳ್ಳುತ್ತಲೇ ಇದ್ದು, ಚೀಲದ ಗೋಡೆ ದಪ್ಪಗಟ್ಟಿದ ಮೇಲಷ್ಟೇ ಶಸ್ತ್ರಚಿಕಿತ್ಸೆಯ ಮಾತೆತ್ತಿದರು.

ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯುವ ಮುನ್ನ ಶಸ್ತ್ರವೈದ್ಯರು ತಂದೆಯವರ ಕೈಯನ್ನೇ ಹಿಡಿದು, ಮೊಣಕೈಯ ಒಳಬದಿಯಲ್ಲಿ ಅಲ್ನಾರ್ ನರ ಹಾದುಹೋಗುವ ಜಾಗವನ್ನು ಬೆರಳಿನಿಂದ ಮುಟ್ಟಿ ತೋರಿಸಿ, ಅದಕ್ಕೆ ಪೆಟ್ಟಾದರೆ ಕಿರುಬೆರಳು ಜೋಮು ಹಿಡಿಯಬಹುದೆಂದು ಮುಚ್ಚುಮರೆಯಿಲ್ಲದೆ ಹೇಳಿದರು. ತೋಳನ್ನಷ್ಟೇ ಮರಗಟ್ಟಿಸಿ, ಕೀಲನ್ನು ತೆರೆಯದೆ ಚೀಲವನ್ನು ಮಾತ್ರ ಬಿಡಿಸಿ ತೆಗೆದರು.

ಈ ಶಸ್ತ್ರಚಿಕಿತ್ಸೆಯಲ್ಲಿ ಕೊಯ್ಯುವುದಕ್ಕಿಂತ ಗಾಯ ಕೂಡಿಸುವುದೇ ಕಷ್ಟ. ಮೊಣಕೈ ತುದಿಯ ಚರ್ಮ ತೆಳುವಾಗಿದ್ದು ಪ್ರತಿ ಸಲ ಮಡಚಿದಾಗಲೂ ಬಿಗಿಯುವುದರಿಂದ, ಹೊಲಿಗೆ ಬಿಚ್ಚುವುದು, ಒಳಗೆ ರಕ್ತ ಕಟ್ಟುವುದು, ಕೀವಾಗುವುದು ಇಲ್ಲಿ ಅಪರೂಪವಲ್ಲ. ಹಾಗಾಗಿ ಮೊಣಕೈ ಮಡಚದಂತೆ ಹಿಡಿದಿಡುವ ಸ್ಪ್ಲಿಂಟ್ ಕಟ್ಟಿ, ಡ್ರೆಸಿಂಗ್‌ಗೆ ಹೋದಾಗಲೆಲ್ಲ ಹಿರಿಯ ನರ್ಸ್ ಒಬ್ಬರು ಗಾಯದ ಅಂಚನ್ನು ಮೆಲ್ಲಗೆ ಒತ್ತಿ ನೋಡಿ, "ಯಜಮಾನ್ರೇ, ಕಿರುಬೆರಳು ಆಡಿಸಿ ನೋಡೋಣ" ಎನ್ನುತ್ತಿದ್ದರು. ಆ ನಿಗಾ ನನಗೆ ಶಸ್ತ್ರವೈದ್ಯರ ಕೈಚಳಕದಷ್ಟೇ ದೊಡ್ಡದಾಗಿ ಕಂಡಿದೆ. ಈಗ ಕೈ ಪೂರ್ತಿ ಮಡಚುತ್ತದೆ, ಜೋಮಿಲ್ಲ. ತೆಗೆದ ಜಾಗದಲ್ಲಿ ಕಾಲಕ್ರಮೇಣ ಹೊಸ ಬರ್ಸಾ ಬೆಳೆಯುವುದರಿಂದ, ಗಟ್ಟಿ ಮೇಲ್ಮೈಯ ಮೇಲೆ ಮೊಣಕೈ ಊರುವ ಅಭ್ಯಾಸ ಬಿಡಲೇಬೇಕೆಂದು ಫಿಸಿಯೋಥೆರಪಿಯವರು ಎಚ್ಚರಿಸಿದ್ದಾರೆ.

ಕೊರತೆಯೂ ಇದೆ. ವಿಮೆ ಕೌಂಟರಿನ ವಿಳಂಬದಿಂದ ಡಿಸ್ಚಾರ್ಜ್ ಆದ ದಿನ ಸಂಜೆಯವರೆಗೂ ಕಾಯಬೇಕಾಯಿತು. ಅದಕ್ಕಿಂತ ಬೇಸರ ತಂದದ್ದು, ಸ್ಪ್ಲಿಂಟ್ ಯಾವಾಗ ಬಿಚ್ಚಬೇಕು, ಯಾವ ಲಕ್ಷಣ ಕಂಡರೆ ಓಡಿ ಬರಬೇಕು ಎಂಬ ಸೂಚನೆಗಳ ಹಾಳೆ ಬರೀ ಇಂಗ್ಲಿಷಿನಲ್ಲಿದ್ದದ್ದು. ತಂದೆಯವರ ವಯಸ್ಸಿನ ರೋಗಿಗಳೇ ಹೆಚ್ಚಿರುವ ವಿಭಾಗದಲ್ಲಿ ಅದನ್ನು ಕನ್ನಡದಲ್ಲಿ ಮುದ್ರಿಸಿ ಕೊಡಬೇಕೆಂದು ಆಡಳಿತಕ್ಕೆ ಲಿಖಿತವಾಗಿ ಕೇಳಿಕೊಂಡಿದ್ದೇನೆ.